ಗಾಳಿ ಬಿಟ್ಟರೆ ಲೆಕ್ಕ ಸರಿ

ತಿ. ನರಸೀಪುರ ತಾಲ್ಲೂಕಿನ ತಲಕಾಡು ಎಂದರೆ ಮರಳು. ಒಂದು ಹಿಡಿ ಮರಳನ್ನು ತಕ್ಕಡಿಗೆ ಹಾಕಿದರೆ ತೂಕ ಸಿಕ್ಕಿಬಿಡುತ್ತದೆ. ಸಾಂದ್ರತೆ ಬೇಕಾದರೆ ಗಾತ್ರವೂ ಗೊತ್ತಿರಬೇಕಲ್ಲ, ಪೇಚಾಟವೆಲ್ಲ ಅಲ್ಲೇ. ಅಳತೆ ಜಾಡಿಗೆ ಸುರಿದು ನೋಡಿದರೆ ಮರಳಿನ ಜೊತೆಗೆ ಕಾಳುಗಳ ನಡುವಿನ ಗಾಳಿಯನ್ನೂ ಅಳೆದಂತಾಗುತ್ತದೆ.

ಪ್ರಯೋಗಾಲಯದಲ್ಲಿ ಇದಕ್ಕೆಂದೇ ಸಾಂದ್ರತಾ ಬಾಟಲಿ ಇದೆ. ಅದರ ಗಾಜಿನ ಬಿರಡೆಯ ನಡುವೆ ಕೂದಲೆಳೆಯಂಥ ರಂಧ್ರ. ಬಿರಡೆ ಒತ್ತಿದಾಗ ಹೆಚ್ಚಾದ ನೀರು ಅದರಿಂದ ಉಕ್ಕಿ ಹೋಗುವುದರಿಂದ, ಪ್ರತಿ ಸಲವೂ ಬಾಟಲಿ ಒಂದೇ ಮಟ್ಟಕ್ಕೆ ತುಂಬುತ್ತದೆ. ಒಣಗಿಸಿದ 10 ಗ್ರಾಂ ಮರಳು ಹಾಕಿದಾಗ 3.76 ಗ್ರಾಂ ನೀರು ಜಾಗ ಬಿಟ್ಟಿತು ಎಂದಿಟ್ಟುಕೊಳ್ಳಿ. 27 ಡಿಗ್ರಿಯಲ್ಲಿ ಒಂದು ಘನ ಸೆಂಟಿಮೀಟರ್ ನೀರಿನ ತೂಕ 0.9965 ಗ್ರಾಂ. ಹಾಗಾಗಿ ಮರಳಿನ ಗಾತ್ರ 3.773, ಸಾಂದ್ರತೆ 2.65. ಬೆಣಚುಕಲ್ಲಿನ ಸಾಂದ್ರತೆಯೂ ಅಷ್ಟೇ. ಕಾಳುಗಳಿಗೆ ಅಂಟಿದ ಗುಳ್ಳೆಗಳೆಲ್ಲ ಸೇರಿ 0.1 ಘನ ಸೆಂಟಿಮೀಟರ್ ಆದರೂ ಸಾಕು, ಉತ್ತರ 2.58ಕ್ಕೆ ಇಳಿಯುತ್ತದೆ. ಅದಕ್ಕೇ ಬಾಟಲಿಯನ್ನು ನಿರ್ವಾತದಲ್ಲಿಟ್ಟು ಗುಳ್ಳೆಗಳನ್ನು ಎಳೆದು ತೆಗೆಯುವುದು. ತಾಳ್ಮೆಯ ಕೆಲಸ, ಅವಸರಪಟ್ಟವರ ಲೆಕ್ಕ ಕೆಡುವುದು ಇಲ್ಲಿಯೇ.

ಭತ್ತದ ಕಾಳು ಇನ್ನೂ ತುಂಟ. ಅದು ನೀರು ಕುಡಿಯುತ್ತದೆ, ಹೊಟ್ಟಿನೊಳಗೆ ಗಾಳಿಯನ್ನೂ ಇಟ್ಟುಕೊಂಡಿರುತ್ತದೆ. ಆದ್ದರಿಂದ ಬೀಜಗಳಿಗೆ ನೀರಿನ ಬದಲು ಟಾಲ್ವೀನ್ ಬಳಸುವುದುಂಟು. ಅನುಕೂಲವಿದ್ದಲ್ಲಿ ಹೀಲಿಯಂ ಅನಿಲ ತುಂಬಿ, ಒತ್ತಡ ಎಷ್ಟು ಬದಲಾಯಿತು ಎಂಬುದರಿಂದ ಗಾತ್ರ ಲೆಕ್ಕ ಹಾಕುತ್ತಾರೆ.

ಆದರೆ ನಂಜನಗೂಡು ಸೀಮೆಯ ಕಬಿನಿ ನಾಲೆಯ ರೈತರಿಗೆ ಬೇಕಾದದ್ದು ದಶಮಾಂಶವಲ್ಲ, ಜೊಳ್ಳು ಯಾವುದು, ಗಟ್ಟಿ ಯಾವುದು ಎಂಬುದು. ಅವರಿಗೆ ಆ ಗಾಳಿಯೇ ಅನುಕೂಲ. ಕೃಷಿ ತಜ್ಞರು ಹೇಳುವ ಉಪ್ಪುನೀರಿನ ವಿಧಾನದಲ್ಲಿ 10 ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ಉಪ್ಪು ಕರಗಿಸಿ ಬಿತ್ತನೆ ಭತ್ತ ಸುರಿಯುತ್ತಾರೆ. ಅರೆಬರೆ ತುಂಬಿದ ಕಾಳು ತೇಲುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಉಪ್ಪಿನ ಹದ ನೋಡಲು ಕೋಳಿಮೊಟ್ಟೆ ಬಿಡುತ್ತಾರೆ. ಅದರ ನೆತ್ತಿ ನೀರಿನ ಮೇಲೆ ಕಾಣಬೇಕು. ಮೊಟ್ಟೆ ಮಾತ್ರ ತಾಜಾ ಇರಲಿ. ಹಳೆಯದಾದಷ್ಟೂ ಅದರೊಳಗೆ ಗಾಳಿ ಹೆಚ್ಚಿ, ಉಪ್ಪು ಸಾಲದಿದ್ದರೂ ತೇಲಿ ಮೋಸ ಮಾಡುತ್ತದೆ. ತಳದಲ್ಲಿ ಉಳಿದ ಬೀಜವನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದೇ ನೆನೆಹಾಕಿ. ಉಪ್ಪು ಉಳಿದರೆ ಮೊಳಕೆಗೆ ಪೆಟ್ಟು.