ರೈಟ್ ಹೇಳುವ ಮುಂಚೆ ಒಂದು ಮಾತು

ಬಸ್ಸಿನಲ್ಲಿ ಜಗಳ ಆಗೋದು ಮೂರಕ್ಕೆ: ಸೀಟಿಗೆ, ಕಿಟಕಿಗೆ, ಚಿಲ್ಲರೆಗೆ. ಮೊದಲಿನೆರಡು ಪ್ರಯಾಣಿಕರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಜಗಳ. ಮೂರನೆಯದು ಮಾತ್ರ ಕಂಡಕ್ಟರ ಮೈಮೇಲೆ ಬರುತ್ತದೆ. "ಐದು ರೂಪಾಯಿ ಬಾಕಿ ಕೊಡಿ" ಎಂದು ಶುರುವಾದದ್ದು ಎರಡು ಸ್ಟಾಪು ದಾಟುವಷ್ಟರಲ್ಲಿ "ಯಾವ ಡಿಪೋರೀ ನಿಮ್ದು, ನಂಬರ್ ಹೇಳಿ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಇಳಿದು ಮನೆಗೆ ಹೋದ ಮೇಲೆ ಇಬ್ಬರ ಮನಸ್ಸಿನಲ್ಲೂ ಉಳಿಯುವುದು ಐದು ರೂಪಾಯಿ ಅಲ್ಲ, ಆಡಿದ ಮಾತು.

ಅಂಗಡಿ ಗಲ್ಲಾದ ಮುಂದೆಯೂ ಹೀಗೇ. ಸಾಮಾನು ಚೆನ್ನಾಗಿತ್ತು, ತೂಕ ಸರಿಯಾಗಿತ್ತು. ಆದರೂ ಗಿರಾಕಿ ಮಾರನೇ ದಿನ ಎದುರು ಸಾಲಿನ ಅಂಗಡಿಗೆ ಹೋಗುತ್ತಾನೆ. ಯಾಕೆ ಅಂದರೆ, "ಆ ಮನುಷ್ಯ ಮುಖ ಕೊಟ್ಟು ಮಾತಾಡಲ್ಲ" ಎನ್ನುತ್ತಾನೆ.

ಕೆಲಸ ಬೇಗ ಆಗಬೇಕು, ಎದುರಿಗಿರುವವರನ್ನು ಮನುಷ್ಯರಂತೆ ಕಾಣಬೇಕು. ಎರಡನ್ನೂ ಎಲ್ಲರೂ ಒಪ್ಪುತ್ತಾರೆ. ಸಂಜೆ ಐದೂವರೆಗೆ, ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಎರಡನ್ನೂ ಒಟ್ಟಿಗೆ ಮಾಡೋದು ಹೇಗೆ ಅನ್ನೋದೇ ಪ್ರಶ್ನೆ.

ಕಂಡಕ್ಟರ ಲೆಕ್ಕ

ಬಸ್ಸಿನಲ್ಲಿ 60 ಜನ ಇದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರಿಗೆ 15 ಸೆಕೆಂಡು ಹಿಡಿದರೆ ಎಲ್ಲರಿಗೂ ಟಿಕೆಟ್ ಕೊಡಲು ಕಾಲು ಗಂಟೆ. ಅದೇ 30 ಸೆಕೆಂಡಾದರೆ ಅರ್ಧ ಗಂಟೆ. ಅಷ್ಟರಲ್ಲಿ ಹತ್ತಿರದ ಊರಿನವರು ಇಳಿದೇ ಹೋಗಿರುತ್ತಾರೆ. ಟಿಕೆಟ್ ಇಲ್ಲದವರು ತನಿಖೆಯವರ ಕೈಗೆ ಸಿಕ್ಕರೆ ಅವರಿಗೆ ದಂಡ, ಕಂಡಕ್ಟರಿಗೆ ಮೆಮೊ. ಆದ್ದರಿಂದ ಕಂಡಕ್ಟರ ಅವಸರ ಬರೀ ಸಿಡುಕಲ್ಲ. ಅದರ ಹಿಂದೆ ಕೆಲಸದ ಭಯ ಇದೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಈ ಲೆಕ್ಕ ಇನ್ನೂ ಬಿಗಿಯಾಯಿತು. ಹೆಣ್ಣುಮಕ್ಕಳಿಗೆ ದುಡ್ಡಿಲ್ಲ ಅಂದ ಮೇಲೆ ಟಿಕೆಟ್ ಯಾಕೆ ಎಂದು ಕೇಳುವವರುಂಟು. ಶೂನ್ಯ ಟಿಕೆಟ್ ಹರಿಯಲೇಬೇಕು. ನಿಗಮಕ್ಕೆ ಸರ್ಕಾರದಿಂದ ಹಣ ಬರುವುದೇ ಆ ಟಿಕೆಟ್ಟಿನ ಲೆಕ್ಕದ ಮೇಲೆ. ಅದಕ್ಕೆ ಮುಂಚೆ, ವಾಸ ಕರ್ನಾಟಕದಲ್ಲಿ ಎಂದು ತೋರಿಸುವ ಗುರುತಿನ ಚೀಟಿ ನೋಡಬೇಕು. ಅಂದರೆ ದುಡ್ಡು ಎಣಿಸುವ ಕೆಲಸ ತಪ್ಪಿತು, ಕಾರ್ಡು ನೋಡುವ ಕೆಲಸ ಬಂತು.

ಅಜ್ಜಿಯ ಸಂಚಿ

ಇನ್ನು ದಿನವೂ ನಡೆಯುವ ಒಂದು ಪ್ರಸಂಗ. ಬಸ್ಸು ಹತ್ತಿದ ಅಜ್ಜಿಗೆ ಆಧಾರ್ ಕಾರ್ಡು ಎಲ್ಲಿಟ್ಟಿದ್ದೀನಿ ಅನ್ನೋದು ನೆನಪಿಲ್ಲ. ಕೈಚೀಲದೊಳಗೆ ಪ್ಲಾಸ್ಟಿಕ್ ಕವರು, ಕವರೊಳಗೆ ಬಟ್ಟೆ ಗಂಟು, ಗಂಟಿನೊಳಗೆ ಎಲೆಅಡಿಕೆ ಸಂಚಿ. ಕಂಡಕ್ಟರು ನಿಂತೇ ಇದ್ದಾರೆ. ಹಿಂದಿನಿಂದ "ಬೇಗ ಆಗ್ಲಿ ಕಂಡಕ್ಟ್ರೇ, ನಾವು ಇಳೀಬೇಕು" ಎಂಬ ಕೂಗು.

ಈಗ ಮೂರು ದಾರಿ. ಒಂದು, "ಕಾರ್ಡ್ ಇಲ್ಲಾಂದ್ರೆ ದುಡ್ಡು ಕೊಡು, ಇಲ್ಲಾ ಇಳಿ" ಅನ್ನೋದು. ಮಾತು ಮೂರು ಸೆಕೆಂಡಿಗೆ ಮುಗಿಯಿತು. ಆದರೆ ಪಕ್ಕದ ಸೀಟಿನವರು "ವಯಸ್ಸಾದವರ ಹತ್ರ ಹಿಂಗಾ ಮಾತಾಡೋದು" ಎಂದು ಏಳುತ್ತಾರೆ. ಆ ವಾದ ಮೂರು ನಿಮಿಷ. ಎರಡನೆಯದು, ಅಜ್ಜಿ ಹುಡುಕಿ ಮುಗಿಸುವ ತನಕ ನಿಂತು ಕಾಯೋದು. ಅಜ್ಜಿಗೆ ಒಳ್ಳೆಯದಾಯಿತು, ಆದರೆ ಕಂಡಕ್ಟರು ತೋರಿಸಿದ ಕರುಣೆಯ ಬಿಲ್ಲು ಹಿಂದಿನ ಹತ್ತು ಜನ ಕಟ್ಟಬೇಕಾಯಿತು.

ಮೂರನೆಯದನ್ನು ನುರಿತ ಕಂಡಕ್ಟರುಗಳೇ ಕಂಡುಕೊಂಡಿದ್ದಾರೆ. "ಅಜ್ಜೀ, ಕೂತ್ಕೊಂಡು ನಿಧಾನಕ್ಕೆ ಹುಡುಕಿ. ಹಿಂದಿನವರಿಗೆ ಕೊಟ್ಟು ಬರ್ತೀನಿ." ಇಷ್ಟೇ. ಅಜ್ಜಿಯ ಕೈ ನಡುಗುವುದು ನಿಂತಿತು, ಹಿಂದಿನವರ ಕೂಗೂ ನಿಂತಿತು. ಹಿಡಿದದ್ದು ಅದೇ ಮೂರು ಸೆಕೆಂಡು.

ಆದರೆ ಇದರಲ್ಲೊಂದು ಕರಾರಿದೆ. ಬರ್ತೀನಿ ಅಂದವರು ಬರಲೇಬೇಕು. ಮರೆತರೆ ಅಜ್ಜಿ ಟಿಕೆಟ್ ಇಲ್ಲದೆ ಇಳಿಯುತ್ತಾಳೆ, ಮುಂದಿನ ಸ್ಟಾಪಿನಲ್ಲಿ ತನಿಖೆಯವರು ನಿಂತಿದ್ದರೆ ಒಳ್ಳೆಯ ಮಾತಾಡಿದ್ದಕ್ಕೇ ಶಿಕ್ಷೆ ಅನುಭವಿಸಿದಂತಾಗುತ್ತದೆ. ಅದಕ್ಕೇ ಹಳಬರು ಹಿಂದಿನ ಬಾಗಿಲ ತನಕ ಹೋಗಿ ಮತ್ತೆ ಮುಂದಕ್ಕೆ ಬಂದು, ಬಿಟ್ಟವರನ್ನು ಹೆಸರಿಟ್ಟು ಕರೆದಂತೆ ಕೇಳುತ್ತಾರೆ: "ಕೆಂಪು ಚೀಲದಮ್ಮಾ, ಸಿಕ್ತಾ ಕಾರ್ಡು?"

ಬಾಕಿ ಎಂಬ ಹಳೇ ರೋಗ

ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಶುರುವಾಯಿತು. 1961ರಲ್ಲಿ ಅದೇ ನಿಗಮವಾಯಿತು. ಅಂದಿನಿಂದ ಇಂದಿನವರೆಗೆ ಬಸ್ಸು ಬದಲಾಯಿತು, ಟಿಕೆಟ್ ಬಂಡಲು ಹೋಗಿ ಯಂತ್ರ ಬಂತು. ಟಿಕೆಟ್ಟಿನ ಬೆನ್ನ ಮೇಲೆ ಬಾಕಿ ಬರೆದುಕೊಡುವ ಪದ್ಧತಿ ಮಾತ್ರ ಹೋಗಲಿಲ್ಲ.

ಬರೆದುಕೊಟ್ಟ ಬಾಕಿ ಅಂದರೆ ಸಾಲದ ಪತ್ರವೇ. ಕೆಲವರು ಸ್ಟಾಪು ಬಂದ ಗಡಿಬಿಡಿಯಲ್ಲಿ ಮರೆತು ಇಳಿಯುತ್ತಾರೆ. ಕೆಲವರು ಕೇಳಲು ಸಂಕೋಚಪಡುತ್ತಾರೆ. ದಿನಗೂಲಿಯವರಿಗೆ ಹತ್ತು ರೂಪಾಯಿ ಅಂದರೆ ಒಂದು ಟೀ. "ಇಳಿಯೋವಾಗ ಇಸ್ಕೊಳ್ಳಿ" ಅನ್ನೋದಕ್ಕಿಂತ, ಚಿಲ್ಲರೆ ಕೂಡಿದ ಕೂಡಲೇ ತಾವೇ ಹೋಗಿ ಕೈಯಲ್ಲಿಡುವ ಕಂಡಕ್ಟರ ಬಸ್ಸಿನಲ್ಲಿ ಕೊನೇ ಸ್ಟಾಪಿನ ನೂಕುನುಗ್ಗಲು ಕಡಿಮೆ. ಬಾಗಿಲ ಹತ್ತಿರ ಟಿಕೆಟ್ ಚಾಚಿಕೊಂಡು ನಿಲ್ಲುವವರೇ ಇರುವುದಿಲ್ಲ. ಬಸ್ಸೂ ಬೇಗ ಹೊರಡುತ್ತದೆ. ಇಲ್ಲಿ ಕರುಣೆ ಬೇರೆ, ಚುರುಕು ಬೇರೆ ಅಲ್ಲವೇ ಅಲ್ಲ.

ಒಂದು ಭಾಗ ಮೇಲಿನವರ ಕೈಯಲ್ಲೂ ಇದೆ. 2025ರ ಜನವರಿ 5ರಂದು ರಾಜ್ಯದ ಸಾರಿಗೆ ಬಸ್ ದರ ಶೇಕಡ 15ರಷ್ಟು ಏರಿದಾಗ ಬೆಂಗಳೂರಿನ ಸಾದಾ ಬಸ್ಸಿನ ಕನಿಷ್ಠ ದರ 5 ರೂಪಾಯಿಯಿಂದ 6 ರೂಪಾಯಿಗೆ ಹೋಯಿತು. ಐದರ ನಾಣ್ಯ ಎಸೆದು ಮುಗಿಸುತ್ತಿದ್ದ ವ್ಯವಹಾರಕ್ಕೆ ಒಂದು ರೂಪಾಯಿಯ ತಗಾದೆ ಸೇರಿತು. ದರ ಬರೆಯುವವರು ಲೇಖನಿಯಿಂದ ಒಂದು ಅಂಕಿ ಬದಲಿಸುತ್ತಾರೆ. ಅದರ ಜಗಳವನ್ನು ದಿನವೂ ಆಡಬೇಕಾದವರು ಕಂಡಕ್ಟರು ಮತ್ತು ಪ್ರಯಾಣಿಕರು. ಡ್ಯೂಟಿಗೆ ಹೊರಡುವಾಗ ಕಂಡಕ್ಟರ ಚೀಲಕ್ಕೆ ಒಂದಿಷ್ಟು ಚಿಲ್ಲರೆ ಹಾಕಿ ಕಳಿಸಿದರೆ, ಸೌಜನ್ಯದ ಮೇಲೆ ಹತ್ತು ಭಾಷಣ ಮಾಡಿಸಿದ್ದಕ್ಕಿಂತ ಹೆಚ್ಚು ಉಪಯೋಗ. ಮೊಬೈಲಿನಲ್ಲಿ ಹಣ ಹಾಕುವವರು ಹೆಚ್ಚಾದಂತೆ ಈ ರೋಗ ಇಳಿಯುತ್ತಿದೆ ನಿಜ. ಆದರೆ ನೆಟ್‌ವರ್ಕ್ ಸಿಗದ ಘಾಟಿಯಲ್ಲಿ "ಸುತ್ತುತ್ತಾ ಇದೆ ಸಾರ್" ಎಂಬ ಹೊಸ ರೋಗ ಹುಟ್ಟಿಕೊಂಡಿದೆ.

ಗಲ್ಲಾದ ಮುಂದೆ

ಕಂಡಕ್ಟರಿಗೆ ಇಲ್ಲದ ಒಂದು ಅನುಕೂಲ ಅಂಗಡಿಯವರಿಗಿದೆ. ಅವರ ಗಲ್ಲಾ ಓಡುವುದಿಲ್ಲ, ಅವರ ನಿಯಮ ಅವರದೇ. ಹಾಗಿದ್ದೂ ಸಂಜೆ ಹೊತ್ತು ಗಿರಾಕಿ ಮುತ್ತಿಕೊಂಡಾಗ ಎಡವುವವರು ಬಹಳ.

10 ರೂಪಾಯಿ ನಾಣ್ಯದ ಸಂಗತಿಯನ್ನೇ ತೆಗೆದುಕೊಳ್ಳಿ. ಬೇರೆ ಬೇರೆ ಕಾಲದಲ್ಲಿ ಹೊರಟ 14 ನಮೂನೆಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕು 2018ರ ಜನವರಿ 17ರಂದೇ ಹೇಳಿದೆ. ಆದರೂ "ಇದು ನಡೆಯಲ್ಲ" ಎಂದು ನಾಣ್ಯವನ್ನು ಗಲ್ಲಾದ ಮೇಲೆ ಹಿಂದಕ್ಕೆ ದೂಡಿದವರು ಎಷ್ಟೋ ಮಂದಿ. 50 ಪೈಸೆಯದು ಇನ್ನೂ ತಮಾಷೆ: ಕಾನೂನಿನಲ್ಲಿ ಬದುಕಿದೆ, ಸಂತೆಯಲ್ಲಿ ಸತ್ತಿದೆ. ಬಾಕಿಗೆ ಬದಲು ಚಾಕೊಲೇಟು ಕೊಡುವವರು, ಅದೇ ಚಾಕೊಲೇಟನ್ನು ಗಿರಾಕಿ ವಾಪಸು ತಂದರೆ ದುಡ್ಡಿನ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ಇಂಥಲ್ಲಿ ಉಳಿಯುವುದು ಅರ್ಧ ನಿಮಿಷ, ಹೋಗುವುದು ನಂಬಿಕೆ.

ನಾಲ್ಕು ಜನ ಒಟ್ಟಿಗೆ ಕೂಗಿದಾಗ ಹಳೇ ದಿನಸಿ ಅಂಗಡಿಯವರು ಮಾಡುವುದನ್ನು ಗಮನಿಸಿ. ಕೈ ಒಬ್ಬರ ಬೇಳೆ ತೂಗುತ್ತಿರುತ್ತದೆ, ಕಣ್ಣು ಎರಡನೆಯವರನ್ನು ನೋಡಿ "ಬನ್ನಿ ಅಕ್ಕಾ, ನಿಮ್ಮ ಚೀಟಿ ಕೊಟ್ಟಿರಿ" ಎನ್ನುತ್ತದೆ, ಹುಡುಗನಿಗೆ ಮೂರನೆಯವರ ಸಕ್ಕರೆ ಕಟ್ಟಲು ಹೇಳಿಯಾಗಿರುತ್ತದೆ. ಕಾಯುವುದು ಯಾರಿಗೂ ತಪ್ಪಲಿಲ್ಲ. ಆದರೆ ತಾನು ಬಂದದ್ದು ಅವರಿಗೆ ಗೊತ್ತಾಗಿದೆ ಎಂದು ತಿಳಿದವನು ಇನ್ನೈದು ನಿಮಿಷ ಸುಮ್ಮನೆ ನಿಲ್ಲುತ್ತಾನೆ. ಗೊತ್ತಾಗಿಲ್ಲ ಎಂದುಕೊಂಡವನು ಒಂದೇ ನಿಮಿಷಕ್ಕೆ ಗಲ್ಲಾ ಕುಟ್ಟುತ್ತಾನೆ.

ಔಷಧಿ ಅಂಗಡಿಯಲ್ಲಿ ಮಾತ್ರ ಬೇಗ ಅನ್ನೋದು ಗುಣವಲ್ಲ. ಊಟಕ್ಕೆ ಮುಂಚೆಯೋ ಆಮೇಲೋ, ದಿನಕ್ಕೆಷ್ಟು ಸಲ ಎಂದು ಓದಲು ಬಾರದವರಿಗೆ ಎರಡು ಸಲ ಹೇಳಲೇಬೇಕು. ಹಿಂದಿನವರು ಕಾಯಲಿ. ಆ ಎರಡು ನಿಮಿಷ ಉಳಿಸಿ ಯಾರಿಗೂ ಲಾಭವಿಲ್ಲ.

ನೂರನೇ ಸಲ

ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಕೂತವರ ಪಾಡೂ ಹೇಳಬೇಕು. "ಸಾರ್, ಬಸ್ ಎಷ್ಟೊತ್ತಿಗೆ?" ಎಂಬ ಪ್ರಶ್ನೆಗೆ ಅವರು ಉತ್ತರ ಹೇಳುತ್ತಿರುವುದು ಆ ದಿನ ನೂರನೇ ಸಲ ಇರಬಹುದು. ಕೇಳುವವರಿಗೆ ಮಾತ್ರ ಅದು ಮೊದಲನೇ ಸಲ. ಆಸ್ಪತ್ರೆ ಚೀಟಿ ಹಿಡಿದು ಗುರುತಿಲ್ಲದ ಊರಿಗೆ ಬಂದವರಿಗೆ "ಬೋರ್ಡ್ ನೋಡ್ರೀ" ಎಂಬ ಉತ್ತರ ಉತ್ತರವಲ್ಲ. ಓದಲು ಬಂದಿದ್ದರೆ ಅವರು ಕಿಟಕಿಗೆ ಬರುತ್ತಲೇ ಇರಲಿಲ್ಲ.

ಹಾಗಂತ ನೂರು ಜನಕ್ಕೂ ಒಬ್ಬನೇ ನಗುನಗುತ್ತಾ ಹೇಳಬೇಕು ಅನ್ನೋದೂ ನ್ಯಾಯವಲ್ಲ. ವೇಳಾಪಟ್ಟಿಯ ಅಕ್ಷರ ದೂರಕ್ಕೆ ಕಾಣುವಷ್ಟು ದೊಡ್ಡದಿದ್ದು, ತಡವಾದ ಬಸ್ಸನ್ನು ಮೈಕಿನಲ್ಲಿ ಕೂಗಿ ಹೇಳಿದರೆ, ಆ ನೂರರಲ್ಲಿ ಬಹುಪಾಲು ಜನ ಕಿಟಕಿಗೆ ಬರುವುದೇ ಇಲ್ಲ. ಆಗ ನಿಜವಾಗಿ ದಿಕ್ಕು ತಪ್ಪಿದವರಿಗೆ ಎದ್ದು ಬಂದು ಪ್ಲಾಟ್‌ಫಾರಂ ತೋರಿಸುವಷ್ಟು ಹೊತ್ತು ಅವರಿಗೂ ಸಿಗುತ್ತದೆ. ವ್ಯವಸ್ಥೆ ಚುರುಕಾಗಿದ್ದರೆ ಮನುಷ್ಯನಿಗೆ ತಾಳ್ಮೆ ಉಳಿಯುತ್ತದೆ. ವ್ಯವಸ್ಥೆ ಕುಂಟಿದರೆ ಅದರ ಸಿಟ್ಟೆಲ್ಲ ಕಿಟಕಿಯಲ್ಲಿ ಕೂತವರ ನಾಲಿಗೆಗೆ ಬರುತ್ತದೆ.

ಸರದಿಯವರ ಪಾಲು

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಸೇವೆ ಕೊಡುವವರಿಗೆ ಮಾತ್ರ ಹೇಳಿದ್ದಲ್ಲ. ಮುವ್ವತ್ತು ರೂಪಾಯಿ ಟಿಕೆಟ್ಟಿಗೆ ಐನೂರರ ನೋಟು ಚಾಚಿ, ಚಿಲ್ಲರೆ ಇಲ್ಲ ಅಂದಾಗ ಕಣ್ಣು ಕೆಂಪಗೆ ಮಾಡುವವರೂ ನಮ್ಮ ನಡುವೆ ಇದ್ದಾರೆ. ಕಿವಿಗೆ ಫೋನು ಸಿಕ್ಕಿಸಿಕೊಂಡು, ಇಳಿಯುವ ಊರನ್ನು ಕೈಸನ್ನೆಯಲ್ಲೇ ಹೇಳುವವರಿದ್ದಾರೆ. ಅಂಗಡಿಯಲ್ಲಿ ಎಲ್ಲ ಕಟ್ಟಿಸಿಕೊಂಡ ಮೇಲೆ "ಅಯ್ಯೋ, ಇದು ಅರ್ಧ ಕೇಜಿ ಸಾಕಿತ್ತು" ಎನ್ನುವವರಿದ್ದಾರೆ. ಇವರು ಉಳಿಸದ ನಿಮಿಷಗಳನ್ನೇ ಅಜ್ಜಿಗೆ ಕೊಡಬಹುದಿತ್ತು.

ಬಸ್ಸು ಬರುವ ಮುಂಚೆ ಗುರುತಿನ ಚೀಟಿ ಕೈಯಲ್ಲಿರಲಿ, ಚಿಲ್ಲರೆ ಜೇಬಿನಲ್ಲಿರಲಿ. ಮುಂದೆ ನಿಂತವರು ತಡವರಿಸಿದರೆ ಅರ್ಧ ನಿಮಿಷ ಅವರಿಗೆ ಬಿಟ್ಟುಕೊಡಿ. ಮಿಕ್ಕದ್ದನ್ನು ಕಂಡಕ್ಟರು ನೋಡಿಕೊಳ್ಳಲಿ, ಆಮೇಲೆ ರೈಟ್ ಹೇಳಲಿ.