ನೀರಿನ ಬಲದಿಂದ ಗೊಬ್ಬರ: ಸ್ಯಾಮ್ ಐಡೆಯವರ ಉದ್ಯಮವೂ ಜಲಜನಕದ ಮುಂದಿನ ದಾರಿಯೂ

ಪೈರುಪಚ್ಚೆಗಳಿಗೆ ಬೇಕಾದ ಆಹಾರಾಂಶಗಳಲ್ಲಿ ಸಾರಜನಕವು ಮುಖ್ಯವಾದುದೆಂಬುದು ವ್ಯವಸಾಯಗಾರರೆಲ್ಲರಿಗೂ ತಿಳಿದ ವಿಷಯ. ಗಾಳಿಯ ಐದು ಪಾಲಿನಲ್ಲಿ ಸುಮಾರು ನಾಲ್ಕು ಪಾಲು ಸಾರಜನಕವೇ ಆಗಿದ್ದರೂ ಪೈರಿನ ಬೇರು ಅದನ್ನು ನೇರವಾಗಿ ಹೀರಿಕೊಳ್ಳಲಾರದು. ಅದು ಜಲಜನಕದೊಡನೆ ಕೂಡಿ ಅಮೋನಿಯಾ ಆದ ಬಳಿಕವೇ ಯೂರಿಯಾ ಮೊದಲಾದ ಗೊಬ್ಬರಗಳು ತಯಾರಾಗುವುವು. ಆದುದರಿಂದ ಜಲಜನಕವು ಎಲ್ಲಿಂದ, ಎಷ್ಟು ಬೆಲೆಗೆ ದೊರೆಯುತ್ತದೆ ಎಂಬುದು ಕಾರ್ಖಾನೆಯವರ ಚಿಂತೆ ಮಾತ್ರವಲ್ಲ, ಗೊಬ್ಬರದ ಚೀಲವನ್ನು ಕೊಳ್ಳುವವರ ಚಿಂತೆಯೂ ಆಗಿದೆ. ಹೊಗೆಯಿಲ್ಲದೆ ಜಲಜನಕವನ್ನು ಪಡೆಯುವ ವಿಧಾನವು ಈಚಿನದೆಂದು ಹಲವರು ಭಾವಿಸಿರುವರು. ವಾಸ್ತವವಾಗಿ ನಾರ್ವೆ ದೇಶದಲ್ಲಿ ಅದು 1929ರಲ್ಲಿಯೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿತ್ತು.

ಆ ಉದ್ಯಮಕ್ಕೆ ಅಡಿಗಲ್ಲು ಹಾಕಿದವರು ಸ್ಯಾಮ್ ಐಡೆ ಎಂಬವರು. ಇವರು 1866ರಲ್ಲಿ ನಾರ್ವೆಯ ಆರೆಂಡಾಲ್ ಪಟ್ಟಣದಲ್ಲಿ ಜನಿಸಿ, ಬರ್ಲಿನ್ನಿನಲ್ಲಿ ಎಂಜಿನಿಯರ್ ವಿದ್ಯೆಯನ್ನು ಕಲಿತು, ಮೊದಲು ರೈಲ್ವೆ ನಿಲ್ದಾಣ, ಬಂದರುಗಳ ಕೆಲಸದಲ್ಲಿ ಹೆಸರು ಪಡೆದರು. ತಮ್ಮ ದೇಶದ ಬೆಟ್ಟಗಳಿಂದ ಧುಮುಕುವ ನೀರೆಲ್ಲವೂ ವ್ಯರ್ಥವಾಗಿ ಹರಿದುಹೋಗುತ್ತಿರುವುದನ್ನು ಕಂಡು ಜಲಪಾತಗಳ ಹಕ್ಕುಗಳನ್ನು ಕೊಂಡರು. 1903ರಲ್ಲಿ ಕ್ರಿಸ್ಟಿಯನ್ ಬರ್ಕೆಲಾಂಡ್ ಎಂಬ ಭೌತಶಾಸ್ತ್ರಜ್ಞರ ಪರಿಚಯವಾಯಿತು. ಗಾಳಿಯನ್ನು ಪ್ರಬಲವಾದ ವಿದ್ಯುತ್ ಜ್ವಾಲೆಯ ಮೂಲಕ ಹಾಯಿಸಿ ಅದರ ಸಾರಜನಕವನ್ನು ಗೊಬ್ಬರವಾಗಿಸುವ ಕುಲುಮೆಯನ್ನು ಇಬ್ಬರೂ ಸೇರಿ ರಚಿಸಿದರು. ಸ್ವೀಡನ್ ಮತ್ತು ಫ್ರಾನ್ಸ್ ದೇಶಗಳ ಬಂಡವಾಳವನ್ನು ಕೂಡಿಸಿ 1905ರ ಡಿಸೆಂಬರ್ 2ರಂದು ನಾರ್ಸ್ಕ್ ಹೈಡ್ರೋ ಸಂಸ್ಥೆಯನ್ನು ಸ್ಥಾಪಿಸಿದ ಐಡೆಯವರು 1917ರವರೆಗೆ ಅದರ ಮುಖ್ಯಾಧಿಕಾರಿಯಾಗಿದ್ದರು. 1911ರಲ್ಲಿ ಪ್ರಾರಂಭವಾದ ವೇಮೋರ್ಕ್ ವಿದ್ಯುದಾಗಾರವು ಆ ಕಾಲಕ್ಕೆ ಜಗತ್ತಿನಲ್ಲಿಯೇ ದೊಡ್ಡದೆನಿಸಿತ್ತು. ಅಲ್ಲಿನ ಗೊಬ್ಬರವು ‘ನಾರ್ವೆ ಪೆಟ್ಲುಪ್ಪು’ ಎಂದು ಪ್ರಸಿದ್ಧವಾಯಿತು.

ಆದರೆ ಈ ಕುಲುಮೆಯು ವಿದ್ಯುತ್ತನ್ನು ವಿಪರೀತವಾಗಿ ನುಂಗುತ್ತಿತ್ತು. ಜರ್ಮನಿಯಲ್ಲಿ ಹಾಬರ್ ಮತ್ತು ಬಾಷ್ ಎಂಬವರ ಅಮೋನಿಯಾ ವಿಧಾನವು 1913ರಿಂದ ಕಾರ್ಖಾನೆಯಲ್ಲಿ ಜಾರಿಗೆ ಬಂದು ಹೆಚ್ಚು ಲಾಭಕರವೆಂದು ಸಿದ್ಧವಾಯಿತು. ಆಗ ನಾರ್ಸ್ಕ್ ಹೈಡ್ರೋ ಸಂಸ್ಥೆಯವರೂ ಅದನ್ನೇ ಅಂಗೀಕರಿಸಿದರು. ಜರ್ಮನರು ಜಲಜನಕವನ್ನು ಕಲ್ಲಿದ್ದಲಿನಿಂದ ಪಡೆಯುತ್ತಿದ್ದರೆ, ವೇಮೋರ್ಕಿನಲ್ಲಿ ಜಲಪಾತದ ವಿದ್ಯುತ್ತಿನಿಂದ ನೀರನ್ನೇ ವಿಭಜಿಸಿ ಪಡೆದರು. ಐಡೆಯವರು 1940ರಲ್ಲಿ ಕಾಲವಾದರೂ ಅವರು ಹಿಡಿದ ಜಲಪಾತಗಳು ಗೊಬ್ಬರಕ್ಕೆ ಶಕ್ತಿಯನ್ನು ಕೊಡುತ್ತಲೇ ಇದ್ದವು. ಮುಂದೆ ತೈಲ ಮತ್ತು ಅನಿಲಗಳು ಅಗ್ಗವಾಗಿ ದೊರೆಯತೊಡಗಿದವು. 1971ರಲ್ಲಿ ವೇಮೋರ್ಕಿನ ಜಲಜನಕ ವಿಭಾಗವು ಮುಚ್ಚಿತು. ವಿಧಾನದಲ್ಲಿ ದೋಷವಿರಲಿಲ್ಲ, ಬೆಲೆಯಲ್ಲಿ ಸೋಲಾಯಿತು.

ಇಂದು ಪ್ರಪಂಚದ ಜಲಜನಕವು ಬಹುಮಟ್ಟಿಗೆ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ ಬರುತ್ತಿದೆ. ಅನಿಲದಿಂದ 1 ಕಿಲೋ ಜಲಜನಕವನ್ನು ತೆಗೆಯುವಾಗ 9ರಿಂದ 10 ಕಿಲೋ ಇಂಗಾಲಾಮ್ಲ ವಾಯು ಹೊರಬೀಳುತ್ತದೆ. ಇದೇ ಭೂಮಿಯ ತಾಪವನ್ನೂ ಮಳೆಯ ಏರುಪೇರನ್ನೂ ಹೆಚ್ಚಿಸುವ ವಾಯು. ಭಾರತವು ಈ ಅನಿಲದ ಸುಮಾರು ಅರ್ಧ ಭಾಗವನ್ನು ವಿದೇಶಗಳಿಂದ ತರಿಸುತ್ತಿದೆ. 2022ರಲ್ಲಿ ಯೂರೋಪಿನ ಯುದ್ಧದಿಂದ ಅನಿಲದ ಬೆಲೆ ಏರಿದಾಗ ಜಗತ್ತಿನ ಗೊಬ್ಬರದ ಬೆಲೆಯೂ ಏರಿತು.

ಹಾಗಾದರೆ ನೀರಿನಿಂದಲೇ ಜಲಜನಕವನ್ನು ಏಕೆ ಪಡೆಯಬಾರದು? ಇಲ್ಲಿ ಲೆಕ್ಕವನ್ನು ನೋಡತಕ್ಕದ್ದು. 45 ಕಿಲೋ ಯೂರಿಯಾ ಚೀಲವೊಂದಕ್ಕೆ ಸುಮಾರು 4½ ಕಿಲೋ ಜಲಜನಕ ಬೇಕು. ಅಷ್ಟನ್ನು ನೀರಿನಿಂದ ಬೇರ್ಪಡಿಸಲು ಹೆಚ್ಚುಕಡಮೆ 240 ಯೂನಿಟ್ ವಿದ್ಯುತ್ತು ವ್ಯಯವಾಗುವುದು. ಯೂನಿಟ್ಟಿಗೆ 4 ರೂಪಾಯಿಯೆಂದು ಹಿಡಿದರೂ ವಿದ್ಯುತ್ತಿಗೇ 960 ರೂಪಾಯಿ ಆಯಿತು. ರೈತರು ಕೊಡುವ ಬೆಲೆಯಾದರೋ ಚೀಲಕ್ಕೆ 266 ರೂಪಾಯಿ 50 ಪೈಸೆ. ಉಳಿದ ವೆಚ್ಚವನ್ನು ಕೇಂದ್ರ ಸರ್ಕಾರವು ಸಹಾಯಧನವಾಗಿ ಭರಿಸುತ್ತಿದೆ. ಇದಲ್ಲದೆ, ಯೂರಿಯಾ ತಯಾರಿಕೆಗೆ ಅಮೋನಿಯಾದೊಡನೆ ಇಂಗಾಲಾಮ್ಲ ವಾಯುವೂ ಅವಶ್ಯಕ. ಅನಿಲದ ಕಾರ್ಖಾನೆಯಲ್ಲಿ ಅದು ತಾನಾಗಿಯೇ ದೊರೆಯುವುದು. ನೀರಿನ ವಿಧಾನದಲ್ಲಿ ಬೇರೆ ಕಡೆಯಿಂದ ಒದಗಿಸಬೇಕು. ಆದುದರಿಂದ ಹೊಸ ಅಮೋನಿಯಾವು ಮೊದಲು ಡಿ.ಎ.ಪಿ. ಮುಂತಾದ ಗೊಬ್ಬರಗಳಿಗೆ ಒಗ್ಗುವುದು.

ಭಾರತಕ್ಕೂ ಈ ವಿಧಾನ ಅಪರಿಚಿತವಲ್ಲ. ಪಂಜಾಬಿನ ನಂಗಲ್ ಕಾರ್ಖಾನೆಯಲ್ಲಿ 1961ರಿಂದ ಭಾಕ್ರಾ ವಿದ್ಯುತ್ತಿನ ಬಲದಿಂದ ನೀರನ್ನು ವಿಭಜಿಸಿ ಗೊಬ್ಬರ ಮಾಡಿದ್ದುಂಟು. 2023ರ ಜನವರಿಯಲ್ಲಿ ಕೇಂದ್ರ ಸರ್ಕಾರವು 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಗೆ ಮಂಜೂರಾತಿ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವುದು ಅದರ ಗುರಿ. 2025ರ ಹರಾಜಿನಲ್ಲಿ ಒಡಿಶಾದ ಪಾರಾದೀಪ ಗೊಬ್ಬರ ಕಾರ್ಖಾನೆಗೆ ಹಸಿರು ಅಮೋನಿಯಾವನ್ನು ಕಿಲೋಗೆ 55 ರೂಪಾಯಿ 75 ಪೈಸೆಯಂತೆ ಒದಗಿಸಲು ಉದ್ಯಮಿಗಳು ಮುಂದೆ ಬಂದರು. ನಾರ್ವೆಯಲ್ಲಿಯೂ ಐಡೆಯವರ ಸಂಸ್ಥೆಯಿಂದ 2004ರಲ್ಲಿ ಬೇರ್ಪಟ್ಟ ಯಾರಾ ಕಂಪೆನಿಯು 2024ರಲ್ಲಿ ಹೆರೋಯಾ ಎಂಬಲ್ಲಿ 24 ಮೆಗಾವ್ಯಾಟಿನ ಜಲಜನಕ ಘಟಕವನ್ನು ತೆರೆದು ಹಳೆಯ ದಾರಿಗೆ ಮರಳಿದೆ.

ಸೂರ್ಯ, ಗಾಳಿಗಳ ವಿದ್ಯುತ್ತು ಅಗ್ಗವಾದಷ್ಟೂ ಈ ದಾರಿಯು ಹಸನಾಗುವುದು. ಅಗ್ಗವಾಗದಿದ್ದರೆ ವೇಮೋರ್ಕಿನ ಕಥೆಯೇ ಮರುಕಳಿಸುವುದು. ಅಲ್ಲಿಯವರೆಗೆ ಗ್ರಾಮದ ಮುಖಂಡರೂ ಹಿಡುವಳಿದಾರರೂ ಕೈಕಟ್ಟಿ ಕುಳಿತಿರಬೇಕಾದುದಿಲ್ಲ. ಜಲಪಾತವೂ ಕಾರ್ಖಾನೆಯೂ ಇಲ್ಲದೆ ಗಾಳಿಯ ಸಾರಜನಕವನ್ನು ಹಿಡಿಯುವ ಶಕ್ತಿಯು ಅಲಸಂದೆ, ಹುರುಳಿ, ಸೆಣಬುಗಳ ಬೇರಿನ ಗಂಟುಗಳಲ್ಲಿದೆ. ಹಸುರು ಗೊಬ್ಬರದ ಪೈರನ್ನು ಹೂ ಬಿಡುವ ಕಾಲಕ್ಕೆ ಉತ್ತು ಮಣ್ಣಿಗೆ ಸೇರಿಸುವುದು, ತಿಪ್ಪೆಯನ್ನು ಬಿಸಿಲುಮಳೆಗೆ ಸಿಕ್ಕದಂತೆ ಗುಂಡಿಯಲ್ಲಿ ಕಾಪಾಡುವುದು, ಯೂರಿಯಾವನ್ನು ಒಮ್ಮೆಗೇ ಸುರಿಯದೆ ಮಣ್ಣಿನ ಪರೀಕ್ಷೆಯಂತೆ ಎರಡು ಮೂರು ಕಂತುಗಳಲ್ಲಿ ಕೊಡುವುದು, ಇವು ಯಾವ ಹರಾಜಿಗೂ ಕಾಯದೆ ಈ ಮುಂಗಾರಿನಲ್ಲಿಯೇ ಸಾಧ್ಯವಾದ ಕೆಲಸಗಳು. ಹೀಗೆ ಉಳಿಸಿದ ಒಂದೊಂದು ಚೀಲವೂ 240 ಯೂನಿಟ್ ವಿದ್ಯುತ್ತಿಗೆ ಸಮನೆಂಬುದನ್ನು ಮನಗಂಡರೆ ಮಿತವ್ಯಯದ ಬೆಲೆ ತಾನಾಗಿ ತಿಳಿಯುವುದು.