ಗೇಲಿ ಮಾಡಿದರೆ ಏನು ಮಾಡೋಣ?

ನಮ್ಮ ವಿಶ್ವಾಸವನ್ನು ಗೇಲಿ ಮಾಡುವುದು ಹೊಸತೇನಲ್ಲ. ರೋಮಿನ ಪ್ಯಾಲಟೈನ್ ಗುಡ್ಡದ ಹಳೇ ಕಟ್ಟಡವೊಂದರ ಗೋಡೆಯಲ್ಲಿ 1857ರಲ್ಲಿ ಒಂದು ಗೀಚುಚಿತ್ರ ಸಿಕ್ಕಿತು. ಶಿಲುಬೆಯ ಮೇಲೆ ಕತ್ತೆ ತಲೆಯ ಮನುಷ್ಯ, ಪಕ್ಕದಲ್ಲಿ ಕೈಯೆತ್ತಿ ನಿಂತ ಭಕ್ತ. ‘ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಾನೆ’ ಎಂಬ ಕುಚೋದ್ಯದ ಬರಹ. ಇದು ಸುಮಾರು 1,800 ವರ್ಷ ಹಳೆಯದು. ಪಕ್ಕದ ಕೋಣೆಯಲ್ಲಿ ಬೇರೆ ಕೈಬರಹ: ‘ಅಲೆಕ್ಸಮೆನೋಸ್ ವಿಶ್ವಾಸಿ’. ಎರಡೇ ಪದ, ಬೈಗುಳವಿಲ್ಲ.

ನಮಗೂ ಕೋಪ ಬರುತ್ತೆ, ಸಹಜ. ಆದರೆ ವಿನಯದಿಂದಲೇ ಉತ್ತರ ಕೊಡಿ ಅಂತಾರೆ ಸಂತ ಪೇತ್ರರು (1 ಪೇತ್ರ 3:15-16). ಬೇಕಂತಲೇ ದ್ವೇಷದಿಂದ ಅವಮಾನಿಸಿದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಮು ಇದೆ. ಗುರುಗಳೊಂದಿಗೆ ಮಾತಾಡಿ ದೂರು ಕೊಡಿ, ಕಲ್ಲು ಎತ್ತಬೇಡಿ. ಇತರರ ದೇವರನ್ನು ನಾವೂ ಹೀಯಾಳಿಸಬಾರದು. ಗೇಲಿ ಮಾಡಿದವರ ಮನೆಗೆ ಕಷ್ಟ ಬಂದಾಗ ಮೊದಲು ಹೋಗೋರು ನಾವಾಗೋಣ.